ಗೋಧಿ ಬಣ್ಣ, ಸಾಧಾರಣ ಆಟಿಕೆ

ದಸರಾ ರಜೆ ಶುರುವಾದಾಗಿನಿಂದ ಕ್ರಿಸ್‌ಮಸ್ ರಜೆ ಮುಗಿಯುವವರೆಗೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳಿಗೆ ಉಡುಗೊರೆ ಕೊಡುವ ಸುಗ್ಗಿ. ನಡುವೆ ದೀಪಾವಳಿ, ಮಕ್ಕಳ ದಿನಾಚರಣೆ, ಸಾಲದ್ದಕ್ಕೆ ಈ ಮೂರು ತಿಂಗಳಲ್ಲೇ ಹುಟ್ಟುತ್ತೇವೆಂದು ಹಟ ಹಿಡಿದ ಮಕ್ಕಳ ಬರ್ತ್‌ಡೇಗಳು. ಕರೆಯೋಲೆ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಮೊದಲ ಸಾಲು: ‘ದಯವಿಟ್ಟು ಉಡುಗೊರೆ ತರಬೇಡಿ.’ ಎರಡನೆಯದು: ‘ತರಲೇಬೇಕು ಅನ್ನಿಸಿದರೆ ಪ್ಲಾಸ್ಟಿಕ್ ಬೇಡ, ಬ್ಯಾಟರಿ ಬೇಡ, ಸದ್ದು ಮಾಡುವಂಥದ್ದು ಬೇಡ, ಕಾರ್ಟೂನ್ ಬೇಡ, ಗುಲಾಬಿ ಬಣ್ಣ ಬೇಡವೇ ಬೇಡ. ಬಾಳಿಕೆ ಬರುವ ಒಂದೇ ಒಂದು ವಸ್ತು ಸಾಕು. ನಮ್ಮದು ಕಮ್ಮಿ ಸಾಮಾನಿನಲ್ಲಿ ಬದುಕುವ ಕುಟುಂಬ.’ ಮೂರನೆಯ ಸಾಲಿನಲ್ಲಿ ಒಂದು ಲಿಂಕು. ಒತ್ತಿದರೆ ಆರು ಮರದ ಕಮಾನುಗಳು ಒಂದರೊಳಗೊಂದು ಕೂತಿರುತ್ತವೆ. ಬೆಲೆ ಓದಿದ ಕೂಡಲೇ ನಿಮ್ಮ ಹುಬ್ಬು ಏಳನೆಯ ಕಮಾನಾಗುತ್ತದೆ.

ಮದುವೆ ಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸಿ, ಛತ್ರದ ಬಾಗಿಲಲ್ಲಿ ಸೋದರಮಾವನ ಕೈಗೆ ಮುಯ್ಯಿ ಪುಸ್ತಕ ಕೊಟ್ಟು ಕೂರಿಸಿದ ವಂಶ ನಮ್ಮದು. ಹಾಗಾಗಿ ಈ ಕರೆಯೋಲೆಯನ್ನು ಕಂಡು ನಗುವ ಹಕ್ಕು ನಮಗಿಲ್ಲ. ಒಂದೇ ವ್ಯತ್ಯಾಸ. ಸೋದರಮಾವ ನೀವು ಕೊಟ್ಟಷ್ಟನ್ನು ಬರೆದುಕೊಳ್ಳುತ್ತಿದ್ದ, ಲಿಂಕು ನೀವು ಕೊಡಬೇಕಾದಷ್ಟನ್ನು ಮೊದಲೇ ಬರೆದಿಟ್ಟಿರುತ್ತದೆ.

ಆ ಕಮಾನುಗಳ ಬಗ್ಗೆ ಇನ್ನೂ ಒಂದು ಮಾತಿದೆ. ಆಕಾರ ಕಾಮನಬಿಲ್ಲಿನದು, ಆದರೆ ಕಾಮನಬಿಲ್ಲಿನ ಬಣ್ಣವಿಲ್ಲ. ಅಷ್ಟೂ ಬಣ್ಣ ತೊಳೆದು, ಒಣಗಿಸಿ, ಗೋಧಿ ಬಣ್ಣದ ಆರು ತುಂಡು ಉಳಿಸಿದ್ದಾರೆ. ಮಗುವಿನ ಕೋಣೆಯ ಗೋಡೆ ಗೋಧಿ ಬಣ್ಣ, ನೆಲಹಾಸು ಗೋಧಿ ಬಣ್ಣ, ಹತ್ತಿಯ ಕರಡಿ ಗೋಧಿ ಬಣ್ಣ, ಮಗುವಿಗೆ ತೊಡಿಸಿದ ಲಿನನ್ ಅಂಗಿಯೂ ಅದೇ. ಈ ಕೋಣೆಯಲ್ಲಿ ಮಗು ಕಾಣೆಯಾದರೆ ಪೊಲೀಸ್ ಪ್ರಕಟಣೆಯಲ್ಲಿ ಚಹರೆ ಏನೆಂದು ಬರೆಸುವುದು? ಬಣ್ಣ ಹೆಚ್ಚಾದರೆ ಮಗುವಿನ ಗಮನ ಚೆದುರುತ್ತದೆ ಎನ್ನುತ್ತಾರೆ ತಾಯ್ತಂದೆಯರು. ಕೆಂಪು ಲಾರಿಯೊಂದು ಹಾಲಿಗೆ ಬಂದರೆ ಮೊದಲು ಕೆಡುವುದು ಸೋಫಾದ ನೆಮ್ಮದಿ ಎಂಬುದನ್ನು ಹೇಳುವುದಿಲ್ಲ.

ಕೆಂಪು ಲಾರಿ ಮಾಡುವ ಊರು ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿದರೆ, ತಿಕ್ಕಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲಿಂದ ಒಣಗಿದ ಗರಿ ಒತ್ತಿದರೆ ಹೊಳಪು ಬರುತ್ತದೆ. ಕೆಂಪು ಅಂದರೆ ಕೆಂಪು, ಹಳದಿ ಅಂದರೆ ಹಳದಿ, ಅನುಮಾನಕ್ಕೆ ಎಡೆಯೇ ಇಲ್ಲ. ಟಿಪ್ಪುವಿನ ಕಾಲದಿಂದ ನಡೆದುಬಂದ ಕಸುಬು ಎನ್ನುತ್ತಾರೆ. ಭೌಗೋಳಿಕ ಸೂಚಕದ ಮಾನ್ಯತೆ 2005–06ರಲ್ಲೇ ಸಿಕ್ಕಿದೆ. ಮರದ್ದು, ಕೈಯಲ್ಲಿ ಮಾಡಿದ್ದು, ಬಾಳಿಕೆ ಬರುವಂಥದ್ದು. ಕರೆಯೋಲೆಯ ಷರತ್ತುಗಳೆಲ್ಲ ಪೂರೈಸಿದಂತಾಯಿತಲ್ಲ ಎಂದು ನೀವು ಕೇಳಬಹುದು. ಇಲ್ಲ. ಆ ಆಟಿಕೆ ಮಾಡಿದ ತಪ್ಪೆಂದರೆ, ಅದು ಸಿಗುತ್ತದೆ. ಹಳೇ ಮೈಸೂರು ರಸ್ತೆಯ ಬದಿಯಲ್ಲಿ ಅಂಗಡಿ ಸಾಲು, ಬಸ್ಸಿನಿಂದ ಇಳಿದವನೂ ಒಂದು ಬುಗುರಿ ಕೊಳ್ಳಬಹುದು. ಬಸ್ಸಿನಿಂದ ಇಳಿದವನಿಗೂ ಕೈಗೆಟುಕುವ ಸರಳತೆಯನ್ನು ಇಟ್ಟುಕೊಂಡು ಕಾರಿನಲ್ಲಿ ಹೋಗುವವನು ಏನು ಮಾಡಬೇಕು?

ಈಗ ಆ ತೊಂದರೆಯೂ ನೀಗಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೈಸೂರು ಎಕ್ಸ್‌ಪ್ರೆಸ್‌ವೇ ಚನ್ನಪಟ್ಟಣವನ್ನು ಸುತ್ತಿಕೊಂಡು ಹೋಗುತ್ತದೆ. ಅಂಗಡಿಯವನು ಹಳೇ ರಸ್ತೆಯಲ್ಲಿ ಗಿರಾಕಿಯ ದಾರಿ ಕಾಯುತ್ತಾನೆ. ಗಿರಾಕಿ ಬೈಪಾಸಿನ ಮೇಲೆ, ಕಾರಿನ ಹಿಂದಿನ ಸೀಟಿನಲ್ಲಿ ಕೂತು, ‘ಕುಶಲಕರ್ಮಿಗಳ ಬದುಕಿಗೆ ನೆರವಾಗಿ’ ಎಂದು ಬರೆದಿರುವ ಪುಟದಲ್ಲಿ ಯುರೋಪಿನ ಬೀಚ್ ಮರದ ಬಿಲ್ಲೆಗಳನ್ನು ಕಾರ್ಟಿಗೆ ಹಾಕುತ್ತಿರುತ್ತಾನೆ. ಆಟಿಕೆಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ ಶೇ 60ಕ್ಕೂ, 2023ರಲ್ಲಿ ಶೇ 70ಕ್ಕೂ ಏರಿಸಿತು. ದೇಶದ ಆಟಿಕೆ ಕಸುಬು ಉಳಿಯಲಿ ಎಂಬುದು ಉದ್ದೇಶ. ಬೆಲೆ ಏರಿದಷ್ಟೂ ಸರಳತೆಯ ಮರ್ಯಾದೆ ಏರುತ್ತದೆ ಎಂಬ ಲೆಕ್ಕ ದೆಹಲಿಯಲ್ಲಿ ಯಾರಿಗೂ ಹೊಳೆದಿರಲಿಕ್ಕಿಲ್ಲ.

ಈ ಬಿಲ್ಲೆಗಳ ಡಬ್ಬಿಯ ಮೇಲೆ ‘ಮಾಂಟೆಸೊರಿ’ ಎಂದು ಬರೆದಿರುತ್ತದೆ. ಮರದ್ದಾಗಿದ್ದು, ಒಂದು ತೂತಿದ್ದು, ಆ ತೂತಿಗೆ ಹೊಂದುವ ಒಂದು ಗೂಟವಿದ್ದರೆ ಅದು ಮಾಂಟೆಸೊರಿ. ಮರಿಯಾ ಮಾಂಟೆಸೊರಿ ತನ್ನ ಮೊದಲ ಮಕ್ಕಳ ಮನೆಯನ್ನು 1907ರಲ್ಲಿ ತೆರೆದದ್ದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಕೂಲಿಕಾರರ ಕೇರಿಯಲ್ಲಿ. ಹೆತ್ತವರು ದುಡಿಯಲು ಹೋದ ಮೇಲೆ ಬೀದಿ ಪಾಲಾಗುತ್ತಿದ್ದ ಮಕ್ಕಳಿಗಾಗಿ. ಆಕೆ 1939ರಲ್ಲಿ ಮದರಾಸಿಗೆ ಬಂದು, ಯುದ್ಧದ ದೆಸೆಯಿಂದ ಯುರೋಪಿಗೆ ಹಿಂತಿರುಗಲಾಗದೆ 1946ರವರೆಗೆ ಈ ದೇಶದಲ್ಲೇ ಉಳಿದರು. ಮಕ್ಕಳ ಕೈಗೆ ಆಕೆ ಕೊಟ್ಟದ್ದರಲ್ಲಿ ಮನೆಯ ನಿಜವಾದ ಸಾಮಾನುಗಳೂ ಇದ್ದವು: ನೀರು ಬಗ್ಗಿಸುವ ಹೂಜಿ, ಒರೆಸುವ ಬಟ್ಟೆ, ಗುಡಿಸುವ ಪೊರಕೆ. ಆ ಪೊರಕೆ ಈಗ ಅಪಾರ್ಟ್‌ಮೆಂಟಿಗೆ ಬಂದಿದೆ. ಗೇಣುದ್ದದ ಪೊರಕೆ, ಗೇಣುದ್ದದ ಮೊರ, ತೂಗುಹಾಕಲು ಪೈನ್ ಮರದ ಸ್ಟ್ಯಾಂಡು, ಎಲ್ಲ ಸೇರಿ ಒಂದು ಸೆಟ್. ಮಗು ಅದನ್ನು ಹಿಡಿದು ಹಾಲಿನಲ್ಲಿ ಎರಡು ಸಲ ಬೀಸಿದರೆ ವಿಡಿಯೊ ಆಗುತ್ತದೆ. ಹಿಂದೆ ನಿಜವಾದ ಪೊರಕೆ ಹಿಡಿದು ಬಗ್ಗಿರುವ ಹೆಂಗಸು ಫ್ರೇಮಿನಿಂದ ಸ್ವಲ್ಪ ಆಚೆ ಸರಿಯಬೇಕು. ಅವಳ ಮಗಳೂ ಚಿಕ್ಕಂದಿನಿಂದಲೇ ಗುಡಿಸಿ, ಒರೆಸಿ, ನೀರು ಬಗ್ಗಿಸಿ ಕಲಿತವಳೇ. ಪಾಪ, ಅದಕ್ಕೊಂದು ಪದ್ಧತಿಯ ಹೆಸರಿದೆ ಎಂದು ಅವರ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಕಮ್ಮಿ ಆಟಿಕೆ ಒಳ್ಳೆಯದು ಎಂಬ ಮಾತಿಗೆ ಆಧಾರವಿಲ್ಲವೆಂದು ನಾನು ಹೇಳುತ್ತಿಲ್ಲ. ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳನ್ನು ಒಮ್ಮೆ 4 ಆಟಿಕೆಗಳ ನಡುವೆ, ಇನ್ನೊಮ್ಮೆ 16ರ ನಡುವೆ ಬಿಟ್ಟು ನೋಡಿ 2018ರಲ್ಲಿ ಪ್ರಬಂಧ ಪ್ರಕಟಿಸಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆಗೂ ಹೆಚ್ಚು ಹೊತ್ತು, ಹೆಚ್ಚು ಬಗೆಗಳಲ್ಲಿ ಆಡಿದವು. ಇದನ್ನು ಓದಿದ ನಮ್ಮವರು ಹನ್ನೆರಡನ್ನು ಕೊಳ್ಳದೇ ಬಿಟ್ಟರೆಂದು ತಿಳಿಯಬೇಡಿ. ಹದಿನಾರನ್ನೂ ಕೊಂಡು, ನಾಲ್ಕನ್ನು ಹೊರಗಿಟ್ಟು, ಉಳಿದವನ್ನು ಅಟ್ಟಕ್ಕೆ ಹಾಕಿದರು. ವಾರಕ್ಕೊಮ್ಮೆ ಅವು ಅದಲುಬದಲು. ಆಟಿಕೆಗಳಿಗೂ ಗಾರ್ಮೆಂಟ್ಸ್ ಕಾರ್ಖಾನೆಯವರಂತೆ ಪಾಳಿ ಬಂದಿದೆ. ಮಂಗಳವಾರ ಮಧ್ಯಾಹ್ನ ಮಗುವಿಗೆ ಆನೆ ಬೇಕೆನಿಸಿದರೆ, ಆನೆಯ ಪಾಳಿ ಮುಂದಿನ ಸೋಮವಾರ. ಅಳಬಹುದು; ಅಳುವುದಕ್ಕೆ ಬ್ಯಾಟರಿ ಬೇಕಿಲ್ಲ.

ಮನೆ ಖಾಲಿ ಮಾಡುವುದನ್ನು ಜಗತ್ತಿಗೆಲ್ಲ ಕಲಿಸಿದ ಜಪಾನಿನ ಮರೀ ಕೊಂಡೊ, ಮೂರನೆಯ ಮಗುವಾದ ಮೇಲೆ, ಒಪ್ಪ ಓರಣವನ್ನು ತಾವೂ ಹೆಚ್ಚುಕಡಿಮೆ ಕೈಬಿಟ್ಟಿರುವುದಾಗಿ 2023ರ ಜನವರಿಯಲ್ಲಿ ಹೇಳಿದರು. ಆ ಸುದ್ದಿ ಬಂದ ವಾರ ಅನೇಕ ಗುಂಪುಗಳಲ್ಲಿ ಮೌನವಿತ್ತು. ಆಮೇಲೆ ಒಬ್ಬರು ‘ನಮಗೆ ಒಂದೇ ಮಗು ತಾನೆ’ ಎಂದು ಬರೆದರು, ಅಟ್ಟದ ಪಾಳಿ ಮತ್ತೆ ಶುರುವಾಯಿತು.

ಇಷ್ಟೆಲ್ಲ ಹೇಳಿ ಹಳೆಯ ಕಾಲವೇ ಚೆನ್ನಿತ್ತು ಎಂದು ರಾಗ ಎಳೆಯುವ ಆಸೆ ನನಗಿಲ್ಲ. ಬಾಳಿಕೆಯ ಹುಚ್ಚು ಹಳಬರಿಗೇ ಹೆಚ್ಚಿತ್ತು. ಕೂಸಿಗೆ ಬೆಳ್ಳಿ ಒಳಲೆ, ಬೆಳ್ಳಿ ಉಡಿದಾರ, ಬೆಳ್ಳಿ ಲೋಟ. ಮೂರೂ ನಾಮಕರಣದ ದಿನ ತೊಟ್ಟಿಲ ಪಕ್ಕ ಒಂದು ಸುತ್ತು ಬಂದು ನೇರ ಬೀರು ಸೇರುತ್ತಿದ್ದವು. ನಾಮಕರಣವಾದದ್ದು ಕೂಸಿಗೋ ಬೀರುವಿಗೋ ಎಂದು ಸಂಶಯ ಬರುವಷ್ಟು. ಬೆಳ್ಳಿಗೆ ಕೈ ಸಾಗದವರು ಸ್ಟೀಲ್ ಲೋಟ ತರುತ್ತಿದ್ದರು. ಪಾತ್ರೆ ಅಂಗಡಿಯ ಮೆಷಿನ್ನಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಸಿಯೇ ತರುವುದು. ಮಗುವಿನ ಹೆಸರಲ್ಲ, ಕೊಟ್ಟವರ ಹೆಸರು. ಮಗು ಹಾಲು ಕುಡಿಯುವಾಗೆಲ್ಲ ಯಾರ ಋಣ ಎಂಬುದು ಮೂಗಿನ ಕೆಳಗೇ ಇರಲಿ ಎಂದು. ಇನ್ನು ಪಟ್ಟದ ಗೊಂಬೆಗಳು. ಮದುವೆಯಲ್ಲಿ ಮಗಳಿಗೆ ಕೊಟ್ಟ ರಾಜ–ರಾಣಿಯ ಆ ಜೋಡಿ ವರ್ಷವಿಡೀ ಹಳೇ ಪಂಚೆಯಲ್ಲಿ ಸುತ್ತಿಸಿಕೊಂಡು ಮಲಗಿ, ನವರಾತ್ರಿಗೆ ಎದ್ದು ಮೆಟ್ಟಿಲ ಮೇಲೆ ಕೂರುತ್ತದೆ. ‘ಬೊಂಬೆ ಕೂರ್ಸಿದೀರಾ?’ ಎಂದು ಮೈಸೂರಿನ ಬೀದಿಗಳಲ್ಲಿ ಮನೆಮನೆ ಬಾಗಿಲು ಬಡಿಯುವ ಮಕ್ಕಳು ಬರುವುದು ಚರ್ಪಿಗೆ, ಮುಟ್ಟಿದರೆ ಬೀಳುವುದು ಏಟು. ತಲೆಮಾರು ದಾಟಿ ಉಳಿದ ಗೊಂಬೆಗಳ ಗುಟ್ಟು ಅದೇ: ಮಗುವಿನ ಕೈಗೆ ಕೊಡಲೇ ಇಲ್ಲ.

ಮರ, ಬೆಳ್ಳಿ, ಸ್ಟೀಲು ಯಾವುದೂ ಸಾಲದು ಎನ್ನಿಸಿದ ಮಾವಂದಿರಿಗೆ ಕೇಂದ್ರ ಸರ್ಕಾರ ಇನ್ನೂ ಗಟ್ಟಿಯಾದುದನ್ನು ಒದಗಿಸಿದೆ. ಹೆಣ್ಣುಮಕ್ಕಳಿಗೆ 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆ, ತೆರೆದ 21 ವರ್ಷಕ್ಕೆ ಪಕ್ವವಾಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಎನ್‌ಪಿಎಸ್ ವಾತ್ಸಲ್ಯ ಅದನ್ನೂ ಮೀರಿಸಿತು. ಅದು ಮಕ್ಕಳ ಪಿಂಚಣಿ ಖಾತೆ. ಹದಿನೆಂಟು ತುಂಬಿದ ಮೇಲೆ ದೊಡ್ಡವರ ಪಿಂಚಣಿ ಖಾತೆಯಾಗಿ ಮುಂದುವರಿಸಬಹುದು. ಯೋಜನೆ ಒಳ್ಳೆಯದೇ, ನನ್ನ ತಕರಾರಿಲ್ಲ. ದೀಪಾವಳಿಯ ದಿನ ಅದನ್ನು ಲಕೋಟೆಯಲ್ಲಿಟ್ಟು ನಾಲ್ಕು ವರ್ಷದವನ ಕೈಗೆ ಕೊಡುವ ದೃಶ್ಯವನ್ನು ಮಾತ್ರ ನೆನೆಸಿಕೊಳ್ಳಿ.

‘ಮಾಮ, ಇದ್ರೊಳಗೆ ಏನಿದೆ?’

‘ನಿನ್ನ ಪಿಂಚಣಿ, ಪುಟ್ಟಾ.’

‘ಅದು ಹಾರುತ್ತಾ?’

‘ಮಾರ್ಕೆಟ್ ಚೆನ್ನಾಗಿದ್ರೆ.’

ವಸ್ತುವೇ ಬೇಡ, ಅನುಭವ ಕೊಡೋಣ ಎನ್ನುವ ಇನ್ನೊಂದು ಪಂಗಡವಿದೆ. ಮೈಸೂರು ಮೃಗಾಲಯದಲ್ಲಿ ಮಗುವಿನ ಹೆಸರಿನಲ್ಲಿ ಪ್ರಾಣಿಯೊಂದನ್ನು ದತ್ತು ತೆಗೆದುಕೊಳ್ಳುವುದು ಇವರಿಗೆ ಪ್ರಿಯ. ಪ್ರಾಣಿಯ ಮೇವಿಗೆ ನಿಜವಾಗಿಯೂ ನೆರವಾಗುವ ಉಡುಗೊರೆ, ಆದ್ದರಿಂದ ಇದರಲ್ಲಿ ಹುಳುಕು ಹುಡುಕುವುದು ಕಷ್ಟ. ಮಗು ಹುಡುಕುತ್ತದೆ. ಜಿರಾಫೆ ನನ್ನದು ಎಂದ ಮೇಲೆ ಅದು ಯಾವಾಗ ಮನೆಗೆ ಬರುತ್ತದೆ, ಎಲ್ಲಿ ಮಲಗುತ್ತದೆ ಎಂದು ಕೇಳುತ್ತದೆ. ಪ್ರಮಾಣಪತ್ರ ತೋರಿಸಿದರೆ ಅದನ್ನು ಮಡಿಸಿ ದೋಣಿ ಮಾಡುತ್ತದೆ.

ಬಾಳಿಕೆಯ ಚರ್ಚೆ ಮುಗಿಸಬಲ್ಲ ಒಂದು ಸಂಸ್ಥೆ ಅಮೆರಿಕದ ರಾಚೆಸ್ಟರ್ ಎಂಬ ಊರಿನಲ್ಲಿದೆ. ಅಲ್ಲಿನ ಸ್ಟ್ರಾಂಗ್ ಮ್ಯೂಸಿಯಂನಲ್ಲಿ ಆಟಿಕೆಗಳ ಗೌರವ ಪಟ್ಟಿಯೊಂದನ್ನು ಇಟ್ಟಿದ್ದಾರೆ, ಪ್ರತಿವರ್ಷ ಕೆಲವನ್ನು ಸೇರಿಸುತ್ತಾರೆ. 2005ರಲ್ಲಿ ರಟ್ಟಿನ ಪೆಟ್ಟಿಗೆ ಸೇರಿತು. 2008ರಲ್ಲಿ ಕೋಲು. ಹೌದು, ಮರದಿಂದ ಮುರಿದು ಬಿದ್ದ ಕೋಲು. 2011ರಲ್ಲಿ ಹೊದಿಕೆ, 2021ರಲ್ಲಿ ಮರಳು. ಇದಕ್ಕಿಂತ ಕಮ್ಮಿ ಸಾಮಾನು ಯಾರಿಗೂ ಹೊಳೆಯಲಾರದು. ಆದರೆ ನಮ್ಮಲ್ಲಿ ಇವನ್ನು ಒದಗಿಸುವುದು ಸುಲಭವಲ್ಲ. ಕೋಲು ಬಿದ್ದ ಕೂಡಲೇ ಗಾರ್ಡನ್ನಿನವರು ಗುಡಿಸಿಬಿಡಬೇಕೆಂದು ನಿರ್ವಹಣಾ ಗುತ್ತಿಗೆಯಲ್ಲೇ ಬರೆದಿದೆ. ಮರಳಂತೂ ಕೇಳಲೇಬೇಡಿ. ಕಟ್ಟುವ ಮನೆಯ ಮುಂದೆ ಸುರಿದ ಮರಳ ಗುಡ್ಡೆಯಲ್ಲಿ ಬೀದಿಯ ಮಕ್ಕಳೆಲ್ಲ ಕಾಲು ಹುಗಿದು ಗುಬ್ಬಿಗೂಡು ಮಾಡುತ್ತಿದ್ದ ಕಾಲವಿತ್ತು. ಈಗ ಬರುವುದು ಎಂ–ಸ್ಯಾಂಡು. ಗೂಡು ಕಟ್ಟಲು ಹೋದರೆ ಕಾಲು ತರಚುತ್ತದೆ. ನಿಜವಾದ ಹೊಳೆ ಮರಳನ್ನು ಮಗುವಿಗೆ ತಂದುಕೊಡುವ ಅಪ್ಪ ಮೊದಲು ಗಣಿ ಇಲಾಖೆಯ ಪರ್ಮಿಟ್ ತೋರಿಸಬೇಕಾದೀತು. ಉಳಿದದ್ದು ರಟ್ಟಿನ ಪೆಟ್ಟಿಗೆ. ಅದು ಪ್ರತಿ ಮನೆಗೂ ದಿನಾ ಬರುತ್ತದೆ, ಒಳಗೆ ಕಮ್ಮಿ ಸಾಮಾನಿನ ಬದುಕಿಗೆ ಬೇಕಾದ ಸಾಮಾನುಗಳನ್ನು ತುಂಬಿಕೊಂಡು.

ಇಂಥ ಮನೆಗೆ ಕಾರ್ತಿಕ ಸೋಮವಾರದಂದು ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿಸಿಕೊಂಡು ಅಜ್ಜಿ ಬರುತ್ತಾರೆ. ಚೀಲದಲ್ಲಿ ಎರಡು ಸೇರು ಹಸಿ ಕಡಲೆಕಾಯಿ, ಅದರ ಮೇಲೆ ಒಂದು ಕೆಂಪು ಪೀಪಿ.

‘ಅಮ್ಮಾ, ಪ್ಲಾಸ್ಟಿಕ್ ತರಬೇಡ ಅಂತ ಎಷ್ಟು ಸಲ ಹೇಳಿದೀನಿ?’

‘ಇದು ಪ್ಲಾಸ್ಟಿಕ್ ಅಲ್ಲ ಕಣೆ, ಪೀಪಿ.’

ಮಗಳ ಕೈಯಲ್ಲಿ ಕಾನೂನಿದೆ. ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಮುದ್ರೆ ಕಡ್ಡಾಯ. ಪರಿಷೆಯ ಪೀಪಿಯ ಮೇಲೆ ಮುದ್ರೆಯಿಲ್ಲ, ಬೆರಳ ಗುರುತಿದೆ. ಅಗ್ಗದ ಪ್ಲಾಸ್ಟಿಕ್ಕಿನಲ್ಲಿ, ಅದರ ಬಣ್ಣದಲ್ಲಿ ಏನು ಸೇರಿರುತ್ತದೋ ಎಂಬ ಅವಳ ಹೆದರಿಕೆಯನ್ನು ತಮಾಷೆ ಮಾಡುವ ಧೈರ್ಯ ನನಗಿಲ್ಲ. ಆದರೆ ಇಡೀ ಹಬ್ಬದ ಮೂರು ತಿಂಗಳಲ್ಲಿ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಂಡ ವಸ್ತು ಆ ಮನೆಗೆ ಬಂದದ್ದು ಅದೊಂದೇ ಎಂದು ನನ್ನ ಗುಮಾನಿ. ಉಳಿದವರೆಲ್ಲ ಮಗುವಿನ ಅಮ್ಮ ಏನಂದುಕೊಂಡಾರು ಎಂದು ಯೋಚಿಸಿ ಕೊಂಡವರು.

ನಿಜಕ್ಕೂ ಬಾಳಿಕೆ ಬರುವ, ಅಂಗಡಿಗೆ ಹೋಗದೆ, ಮರ ಕಡಿಯದೆ, ಸುಂಕ ಕಟ್ಟದೆ ಸಿಗುವ ಉಡುಗೊರೆ ಒಂದಿದೆ. ಇನ್ನೊಂದು ಮಗು ಆಡಿ ಬಿಟ್ಟ ಆಟಿಕೆ. ತೊಟ್ಟಿಲು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಿತ್ತು, ಅಣ್ಣನ ಸೈಕಲ್ಲು ತಮ್ಮನಿಗೆ, ತಮ್ಮನಿಂದ ಪಕ್ಕದ ಮನೆಗೆ ಇಳಿಯುತ್ತಿತ್ತು. ಅದರಲ್ಲಿ ಆದರ್ಶವೇನೂ ಇರಲಿಲ್ಲ. ದುಡ್ಡಿರಲಿಲ್ಲ, ಮಕ್ಕಳು ಜಾಸ್ತಿಯಿದ್ದವು. ಕಮ್ಮಿ ಸಾಮಾನಿನವರು ಇದನ್ನು ಕಣ್ಣಿಗೊತ್ತಿಕೊಳ್ಳುತ್ತಾರೆಂದು ನೀವು ನಂಬಿದ್ದರೆ ಒಮ್ಮೆ ಪ್ರಯತ್ನಿಸಿ. ಮಗುವಿನ ಚಿಕ್ಕಮ್ಮ ತನ್ನ ಮಗ ಓಡಿಸಿದ ಮೂರು ಗಾಲಿಯ ಸೈಕಲ್ಲನ್ನು ತಿಕ್ಕಿ ತೊಳೆದು, ಹೊಸ ಬೆಲ್ ಹಾಕಿಸಿ ತಂದಳು ಅನ್ನಿ.

‘ಅಕ್ಕಾ, ನಮ್ಮ ಚಿಂಟೂದು. ಇನ್ನೂ ಗಟ್ಟಿಯಾಗಿದೆ.’

‘ಅಯ್ಯೋ, ಯಾಕೆ ತೊಂದರೆ ತಗೊಂಡೆ... ಬಾಲ್ಕನಿಲಿ ಇಡು. ಸ್ಯಾನಿಟೈಸ್ ಮಾಡಿಸ್ತೀನಿ.’

ಹಳೇ ಸೀರೆಗಳನ್ನು ಹೊಲಿದ ಕೌದಿ ಒಳಗೆ ಸೋಫಾದ ಮೇಲೆ ಹರಡಿರುತ್ತದೆ. ಅದನ್ನು ಮಳಿಗೆಯಲ್ಲಿ ಕೊಂಡದ್ದು, ಉಟ್ಟವರ ಗುರುತಿಲ್ಲ, ಆದ್ದರಿಂದ ಶುದ್ಧ. ಸೈಕಲ್ಲಿನ ಸವಾರನ ಹೆಸರು ಗೊತ್ತು, ಅದೇ ಅದರ ಕೊಳೆ. ಬಳಸಿದ ವಸ್ತು ನಮ್ಮಲ್ಲಿ ಕೆಳಕ್ಕೆ ಹರಿಯುತ್ತದೆ, ಪಕ್ಕಕ್ಕೆ ಹರಿಯುವುದಿಲ್ಲ. ಡ್ರೈವರನ ಮನೆಗೆ ಕೊಟ್ಟರೆ ದಾನ, ತಂಗಿಯ ಮನೆಯಿಂದ ಬಂದರೆ ಅವಮಾನ. ಒಂದು ವಾರದಲ್ಲಿ ಸೈಕಲ್ಲು ಬಾಲ್ಕನಿಯಿಂದ ಲಿಫ್ಟಿಗೆ, ಲಿಫ್ಟಿನಿಂದ ಬೇಸ್‌ಮೆಂಟಿಗೆ ಇಳಿಯಿತು. ಅದರ ಬುಟ್ಟಿಯಲ್ಲಿ ಅಜ್ಜಿಯ ಪೀಪಿಯೂ ಇತ್ತು.

ಬೇಸ್‌ಮೆಂಟಿನಲ್ಲಿ, ಪಾರ್ಕಿಂಗ್ ಕಂಬಗಳ ಆಚೆ, ಸೆಕ್ಯುರಿಟಿಯವರ ಮಗನಿಗೆ ಐದು ವರ್ಷ. ಅವನು ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದರಲ್ಲಿ ಪೀಪಿ ಹಿಡಿದು ಕಾರುಗಳ ನಡುವೆ ಸುತ್ತು ಹೊಡೆಯುವ ಸದ್ದು ಡಕ್ಟಿನ ಮೂಲಕ ಮೇಲಿನ ಅಂತಸ್ತಿನವರೆಗೂ ಏರತೊಡಗಿತು. ಗೋಧಿ ಬಣ್ಣದ ಕೋಣೆಯ ಮಗು ಅದನ್ನು ಕೇಳಿಸಿಕೊಂಡು ಒಂದು ಸಂಜೆ ಕೆಳಗಿಳಿಯಿತು. ಮರುದಿನವೂ ಇಳಿಯಿತು. ಈಗ ಊಟಕ್ಕೆ ಕರೆತರಲು ಒಬ್ಬರು ಹೋಗಬೇಕು. ಪೀಪಿಯನ್ನು ಇಬ್ಬರೂ ಸರದಿಯ ಮೇಲೆ ಊದುತ್ತಾರೆ, ಸರದಿ ತಪ್ಪಿದರೆ ಕೂದಲು ಹಿಡಿದು ಜಗಳವಾಡುತ್ತಾರೆ, ಸೈಕಲ್ಲಿನ ಒಂದು ಪೆಡಲ್ ಮುರಿದಿದೆ.

ಸಂಘದ ಗುಂಪಿಗೆ ದೂರು ಹೋಗಿದೆ: ಶಬ್ದ ಮಾಲಿನ್ಯ, ಮುದ್ರೆಯಿಲ್ಲದ ಪ್ಲಾಸ್ಟಿಕ್, ಒಂದೇ ಪೀಪಿಗೆ ಎರಡು ಬಾಯಿ. ಹತ್ತಾರು ಮಂದಿ ಹೆಬ್ಬೆರಳೆತ್ತಿದ್ದಾರೆ. ಕಾರ್ಯದರ್ಶಿಯವರು ಸೌಮ್ಯ ಸ್ವಭಾವದವರು, ಯಾರಿಗೂ ನೋವಾಗಬಾರದೆಂದು ಒಂದು ದಾರಿ ಸೂಚಿಸಿದ್ದಾರೆ. ಸೆಕ್ಯುರಿಟಿಯವರ ಮಗನಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ ಸಂಘದ ವತಿಯಿಂದಲೇ ಒಂದು ಪೀಪಿ ಕೊಡಿಸುವುದು. ಮರದ್ದು, ಬಣ್ಣವಿಲ್ಲದ್ದು, ಊದಿದರೆ ಸದ್ದು ಬರದಂಥದ್ದು. ಮೂರು ಕಡೆಯಿಂದ ಕೊಟೇಶನ್ ತರಿಸುತ್ತಿದ್ದಾರೆ.